ಬೀಗದಣ್ಣನ ಮನೆಯ ಮಾತಿನ ದೀಪ

ಆ ಓಣಿಯಲ್ಲಿ ಬೀಗದಣ್ಣ ಮುಟ್ಟದ ಬಾಗಿಲಿರಲಿಲ್ಲ. ಯಾರ ಮನೆಯ ಚಿಲಕ ಸಡಿಲ, ಯಾರ ಕಪಾಟಿನ ಕೀಲಿ ಕಳೆದಿದೆ, ಯಾರು ಮನೆಯವರ ಕಣ್ಣು ತಪ್ಪಿಸಿ ಪೆಟ್ಟಿಗೆಗೆ ಎರಡನೇ ಕೀಲಿ ಮಾಡಿಸಿಕೊಂಡರು, ಎಲ್ಲ ಅವನಿಗೆ ಗೊತ್ತು. ಒಂದನ್ನೂ ಬಾಯಿ ಬಿಟ್ಟವನಲ್ಲ. ಆದರೆ ಇಷ್ಟೆಲ್ಲ ತಿಳಿದುಕೊಂಡ ಮೇಲೆ ಇನ್ನೊಬ್ಬರನ್ನು ನಂಬುವುದು ಕಷ್ಟ. ಬೀಗದಣ್ಣ ನಂಬುತ್ತಿರಲಿಲ್ಲ. ಯಾರಾದರೂ ದಾರಿಯಲ್ಲಿ ನಿಂತು ಚೆನ್ನಾಗಿದ್ದೀರಾ ಎಂದರೆ, ಇವನಿಗೆ ನನ್ನಿಂದ ಏನಾಗಬೇಕಪ್ಪ ಎಂದು ಹುಬ್ಬು ಗಂಟಿಕ್ಕುತ್ತಿದ್ದ. ನಗುವವರನ್ನು ಕಂಡರೆ ತನ್ನ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದ.

ಹುಟ್ಟಿನಿಂದಲೇ ಹೀಗಿದ್ದನೆಂದು ಅವನ ಹೆಂಡತಿ ಹೇಳುವಳು. ಓಣಿಯವರು ಮಾತ್ರ ಕಿವಿ ಹೋದ ಮೇಲೆ ಹೀಗಾದ ಎನ್ನುತ್ತಿದ್ದರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು.

ವಯಸ್ಸಿನಲ್ಲಿ ಅವನು ಕಬ್ಬಿಣದ ಟ್ಯಾಂಕು ಮಾಡುವ ಕಾರ್ಖಾನೆಯಲ್ಲಿದ್ದ. ಸಣ್ಣ ಮೈಕಟ್ಟಿನವನಾದ್ದರಿಂದ ಟ್ಯಾಂಕಿನೊಳಗೆ ಇಳಿಸುತ್ತಿದ್ದರು. ಹೊರಗಿನವರು ಸುತ್ತಿಗೆಯಲ್ಲಿ ಬಡಿಯುವಾಗ ಒಳಗಿನಿಂದ ತಗಡಿಗೆ ಕಬ್ಬಿಣದ ಗುಂಡು ಆನಿಸಿ ಹಿಡಿಯುವುದು ಅವನ ಕೆಲಸ. ದೊಡ್ಡ ಗಂಟೆಯೊಳಗೆ ಕೂತು ಗಂಟೆ ಬಾರಿಸಿಕೊಂಡ ಹಾಗೆ. ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಬಾಗಿಲಿನ ಕರೆಗಂಟೆ ಹೋಯಿತು. ಆಮೇಲೆ ಹೆಂಗಸರ ಮಾತು, ಕೊನೆಗೆ ಗಂಡಸರದ್ದು. ಕಾರ್ಖಾನೆ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಬೀಗ ರಿಪೇರಿಗೆ ಕೂತ. ಬೀಗ ಮಾತಾಡುವುದಿಲ್ಲ, ಬೆರಳಿಗೆ ಎಲ್ಲ ತಿಳಿಯುತ್ತದೆ, ಆದ್ದರಿಂದ ಆ ಕೆಲಸ ಅವನಿಗೆ ಒಗ್ಗಿತು. ಒಮ್ಮೆ ಕಿವಿಯ ಮಷಿನ್ನನ್ನೂ ತಂದಿದ್ದ. ಹಾಕಿಕೊಂಡು ಕೀಲಿಗೆ ಅರ ತಿಕ್ಕಿದರೆ ತಲೆಬುರುಡೆಯನ್ನೇ ಗರಗಸದಲ್ಲಿ ಕೊಯ್ದಂತಾಯಿತು. ಮಾತೂ ಸದ್ದೂ ಕಲಸಿ ಮುದ್ದೆಯಾಗಿ ಬಂತು. ಮಾರಿದವನು ಮೋಸ ಮಾಡಿದ ಎಂದು ಮುರಿದ ಕೀಲಿಗಳ ಡಬ್ಬಿಗೆ ಎಸೆದ.

ಅಂದಿನಿಂದ ಮನೆಯಲ್ಲಿ ಮಾತೆಂದರೆ ಕೂಗು. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ಕೂಗಿ ಹೇಳಿದ ಮಾತು ಇಡೀ ಓಣಿಯ ಆಸ್ತಿ. ಹೆಂಡತಿ ಮರ್ಯಾದಸ್ಥೆ. ‘ಊಟ’ ಎಂದು ಕೂಗುವಳು, ‘ನೀರು ಬಂತು’ ಎಂದು ಕೂಗುವಳು, ‘ಯಾರೋ ಬಂದಿದ್ದಾರೆ’ ಎಂದು ಕೂಗುವಳು. ಮಿಕ್ಕದ್ದನ್ನು ಕೂಗಲಾಗದೆ ಬಿಟ್ಟಳು. ಮಿಕ್ಕದ್ದು ಎಷ್ಟಿತ್ತೆಂದು ಬೀಗದಣ್ಣ ಯೋಚಿಸಿದವನಲ್ಲ. ಅವನಿಗೆ ಕಾಣುತ್ತಿದ್ದದ್ದು ಬೇರೆ. ಅಂಗಡಿಯಲ್ಲಿ ಕೂತು ಕತ್ತು ಹೊರಳಿಸಿದರೆ ಒಳಗಿನ ನಡುಮನೆಯ ಒಂದು ತುಂಡು ಕಾಣುತ್ತಿತ್ತು. ಅಲ್ಲಿ ಹೆಂಡತಿಯ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಇವನು ಎದ್ದು ಒಳಗೆ ಹೋದರೆ ನಿಲ್ಲುತ್ತಿತ್ತು.

ನನ್ನ ಬಗ್ಗೆಯೇ, ಎಂದುಕೊಂಡ ಬೀಗದಣ್ಣ. ಯಾರಿಗೆ ಹೇಳುತ್ತಾಳೆ ಅನ್ನುವುದಷ್ಟೇ ಗೊತ್ತಾಗಬೇಕಿತ್ತು.

ಒಬ್ಬಳೇ ಮಗಳು ಬೆಳಕಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಹೋಗಿ ಸಂಜೆ ಬರುವಳು. ಅಲ್ಲಿ ಏನು ಮಾಡುತ್ತೀಯೆ ಎಂದರೆ, ‘ಪುಡಿ ಕಾಯಿಸ್ತೀನಪ್ಪ’ ಎನ್ನುವಳು. ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ಉಕ್ಕಿನ ಪಾತ್ರೆ. ಅದರೊಳಗೆ ಚಿಟಿಕೆ ಪುಡಿ ಕಾಯಿಸಿದರೆ ಅದು ಆವಿಯಾಗಿ ಮೇಲಿನ ಹಾಳೆಗೆ ಹೋಗಿ ಅಂಟಿಕೊಳ್ಳುತ್ತದೆ. ಹೀಗೆ ಒಂದರ ಮೇಲೊಂದು ಪದರ. ಆ ಪುಡಿ ಕಲ್ಲೂ ಅಲ್ಲ, ಲೋಹವೂ ಅಲ್ಲ. ಬಟ್ಟೆಯ ಬಣ್ಣ, ಶಾಯಿ, ನುಸಿಗುಳಿಗೆ ಇವೆಲ್ಲದರ ಜಾತಿಯದೇ, ಇದ್ದಿಲಿನ ಬಳಗ. ಕರೆಂಟು ಕೊಟ್ಟರೆ ಹಾಳೆಗೆ ಹಾಳೆಯೇ ಬೆಳಗುತ್ತದೆ. ಬರೀ ಬೆಳಗಿದರೆ ಹಳೆಯ ಸುದ್ದಿ. ಇವರು ಆ ಬೆಳಕಿನ ಮೇಲೆ ಮಾತು ಹೇರಿ ಕಳಿಸುವುದಕ್ಕೆ ಹೊರಟಿದ್ದರು. ಬೆಳಕು ಕಣ್ಣಿಗೆ ತಿಳಿಯದಷ್ಟು ಬೇಗ ಮಿಣುಕುತ್ತದೆ, ಆ ಮಿಣುಕನ್ನು ಹಿಡಿಯುವ ಸಣ್ಣದೊಂದು ಬಿಲ್ಲೆ ಅದನ್ನು ಮತ್ತೆ ಮಾತು ಮಾಡಿ ಕಿವಿಗೆ ಒಪ್ಪಿಸುತ್ತದೆ. ಮಾತು ನೇರ ಬರುವುದರಿಂದ ಪಾತ್ರೆ ಸದ್ದು, ಬೀದಿ ಸದ್ದು ಅದರ ಜೊತೆ ಅಷ್ಟಾಗಿ ಕಲಸುವುದಿಲ್ಲ. ಕಿವಿ ಮಂದವಾದವರಿರುವ ಕೆಲವು ಮನೆಗಳಲ್ಲಿ ಕಟ್ಟಿ ನೋಡೋಣ, ಅಡುಗೆಮನೆಯ ಹಬೆಗೆ ಈ ಪದರಗಳು ಎಷ್ಟು ದಿನ ತಡೆಯುತ್ತವೋ ತಿಳಿಯಲಿ ಎಂದು ಮೇಲಿನವರು ಹೇಳಿದಾಗ ಮಗಳು ಮೊದಲು ಕೈ ಎತ್ತಿದ್ದಳು.

ಒಂದು ಭಾನುವಾರ ಅವಳೇ ಸ್ಟೂಲಿನ ಮೇಲೆ ನಿಂತು ನಡುಮನೆಯ ಮೇಜಿನ ಮೇಲೆ ಆ ಹಾಳೆ ತೂಗುಹಾಕಿದಳು. ರಟ್ಟಿಗಿಂತ ತೆಳುವು. ಹೊತ್ತಿಸಿದರೆ ಹಾಲು ಬಣ್ಣದ ತಣ್ಣನೆ ಬೆಳಕು. ಅದರ ಕೆಳಗೆ ಒಂದು ದಾರದಷ್ಟು ತಂತಿಗೆ ಗುಂಡಿಯಂಥ ಮೈಕು. ಅಪ್ಪನ ಕಾಲರಿಗೆ ಕಪ್ಪು ಬಿಲ್ಲೆ ಸಿಕ್ಕಿಸಿದಳು, ಅದರಿಂದ ಬಂದ ಸಣ್ಣ ತುದಿಯನ್ನು ಕಿವಿಗಿಟ್ಟಳು. ಆಮೇಲೆ ಮೇಜಿನಾಚೆ ಹೋಗಿ ಮೆಲ್ಲಗೆ ಹೇಳಿದಳು.

“ಅಪ್ಪ, ಕೇಳಿಸ್ತಾ?”

ಬೀಗದಣ್ಣ ಕೂತಲ್ಲೇ ನೆಟ್ಟಗಾದ. ಮಗಳ ಧ್ವನಿ ಅವನ ನೆನಪಿನಲ್ಲಿ ಇನ್ನೂ ಶಾಲೆಗೆ ಹೋಗುವ ಹುಡುಗಿಯದ್ದಾಗಿತ್ತು. ಇದು ಬೇರೆ ಯಾರೋ ದೊಡ್ಡ ಹೆಂಗಸಿನ ಧ್ವನಿ. ಕಣ್ಣು ತುಂಬಿ ಬರಬೇಕಾಗಿದ್ದ ಆ ಗಳಿಗೆಯಲ್ಲೂ ಅವನಿಗೆ ಮೊದಲು ಬಂದದ್ದು ಅನುಮಾನವೇ.

“ಇದು ನಿನ್ನ ಧ್ವನಿಯಲ್ಲ” ಎಂದ. “ಮಷಿನ್ನು ಏನೋ ಬದಲಾಯಿಸ್ತಿದೆ.”

“ನಂದೇ ಅಪ್ಪ. ಅಮ್ಮ, ನೀನು ಮಾತಾಡು.”

ಹೆಂಡತಿ ಒರಸುವ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಹತ್ತಿರ ಬಂದಳು. ಏನು ಹೇಳಬೇಕೋ ತೋಚದೆ, “ಊಟಕ್ಕೆ ಬಡಿಸ್ಲಾ?” ಎಂದಳು. ಸ್ವಲ್ಪ ಒಡೆದ, ಆಯಾಸದ ಧ್ವನಿ. ಬೀಗದಣ್ಣ ಅವಳ ಮುಖವನ್ನೇ ನೋಡಿದ. ಈ ಮುಖಕ್ಕೆ ಈ ಧ್ವನಿ ಯಾವಾಗ ಬಂತು? ಅವನ ತಲೆಯೊಳಗಿದ್ದ ಹೆಂಡತಿ ಗಂಟಲು ಬಿಟ್ಟು ನಗುವವಳು.

ಮಗಳು ಖುಷಿಯಿಂದ ವಿವರಿಸಿದಳು. “ಬೆಳಕು ಎಲ್ಲಿವರೆಗೂ ಬೀಳುತ್ತೋ ಅಲ್ಲಿವರೆಗೂ ಮಾತು ಬರುತ್ತೆ. ಬಿಲ್ಲೆ ಮೇಲೆ ಕೈ ಇಟ್ರೆ ನಿಲ್ಲುತ್ತೆ. ಗೋಡೆ ದಾಟಲ್ಲ. ಅದಕ್ಕೇ ರೇಡಿಯೋ ಥರ ಪಕ್ಕದ ಮನೆಗೆ ಸೋರಲ್ಲ.”

“ಮಾತು ಕೇಳಿಸೋ ದೀಪ ತಾನು ಕೇಳಿಸ್ಕೊಳ್ಳಲ್ವಾ?”

“ಏನಂದ್ರೆ?”

“ನಾವು ಮಾತಾಡಿದ್ದೆಲ್ಲ ನಿಮ್ಮ ಆಫೀಸಿಗೆ ಹೋಗ್ತಿರಬೇಕು.”

“ಎಲ್ಲಿಗೂ ಹೋಗಲ್ಲಪ್ಪ. ಮೈಕಿಂದ ಹಾಳೆಗೆ, ಹಾಳೆಯಿಂದ ನಿನಗೆ. ಅಷ್ಟೇ.”

ಮಾರನೆಯ ದಿನ ಮಗಳು ಕೆಲಸಕ್ಕೆ ಹೋದ ಮೇಲೆ ಬೀಗದಣ್ಣ ಸ್ಕ್ರೂಡ್ರೈವರ್ ತಂದು ದೀಪದ ಮೇಲಿನ ಪುಟ್ಟ ಪೆಟ್ಟಿಗೆ ಬಿಚ್ಚಿದ. ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಹಿಂಬಾಲಿಸಿದ. ಹೊರಗೆ ಹೋಗುವ ತಂತಿ ಸಿಗಲಿಲ್ಲ. ಸಿಗದೆ ಇದ್ದದ್ದರಿಂದ ಅವನ ಅನುಮಾನ ಹೆಚ್ಚಿತು. ಸಿಗುವ ಹಾಗಿದ್ದರೆ ಯಾರಾದರೂ ಇಡುತ್ತಾರೆಯೇ? ಹೆಂಡತಿ ಕೈಯಲ್ಲಿ ಸೌಟು ಹಿಡಿದು ನೋಡುತ್ತ ನಿಂತಿದ್ದಳು. ಏನೂ ಹೇಳಲಿಲ್ಲ.

ಅದೇ ಅವನಿಗೆ ಹತ್ತಿದ ಹೊಸ ಹುಳ. ಈಗ ಕೂಗಬೇಕಾಗಿಲ್ಲ, ಮೆಲ್ಲಗೆ ಹೇಳಿದರೂ ಕೇಳುತ್ತದೆ. ಆದರೂ ಅವಳು ದೀಪದ ಕೆಳಗೆ ಹೇಳುವುದು ಅದೇ ಊಟ, ಅದೇ ನೀರು. ಮಗಳು ಸಂಜೆ ಬಂದು ಹರಟುವಳು, ಇವಳು ಹೂಂ ಎನ್ನುವಳು. ಇವನು ದೀಪದ ಬೆಳಕು ತಲುಪದ ಅಂಗಡಿಗೆ ಹೋಗಿ ಕೂತು ಕತ್ತು ಹೊರಳಿಸಿದರೆ, ತುಟಿ ಅಲ್ಲಾಡಲು ಶುರು. ಕೇಳಿಸುವ ಕಡೆ ಬಾಯಿ ಮುಚ್ಚಿ, ಕೇಳಿಸದ ಕಡೆ ಬಾಯಿ ಬಿಡುವವಳಿಗೆ ಬಚ್ಚಿಡುವುದೇನೋ ಇರಲೇಬೇಕು. ಎಷ್ಟೋ ಬೀಗ ಬಿಚ್ಚಿದ್ದೇನೆ, ಇದೊಂದು ಬಿಚ್ಚದೆ ಹೋಗುತ್ತದೆಯೇ ಎಂದುಕೊಂಡ.

ಉರಿಯುವುದಕ್ಕೆ ತುಪ್ಪ ಹೊಯ್ದವನು ಎದುರು ಸಾಲಿನ ದರ್ಜಿ. ಕತ್ತರಿ ಹಿಡಿದುಕೊಂಡೇ ಓಣಿಯ ಸಮಾಚಾರವನ್ನೆಲ್ಲ ತೆಗೆಯುವ ಆಸಾಮಿ. ಹೊಲಿಗೆ ಮಷಿನ್ನಿನ ಪೆಟ್ಟಿಗೆಯ ಬೀಗ ಕೊಡಲು ಬಂದವನು ಬೀಗದಣ್ಣನ ಕಿವಿಗೆ ಕೈ ಬಟ್ಟಲು ಮಾಡಿಕೊಂಡು ಕೂಗಿದ.

“ಮಧ್ಯಾಹ್ನ ಹೊತ್ತು ಮನೆಗೆ ಯಾರಾದ್ರೂ ನೆಂಟರು ಬರ್ತಾರಾ?”

“ಯಾಕೆ?”

“ಏನಿಲ್ಲ. ಅಕ್ಕ ಯಾರ ಜೊತೆಗೋ ಮಾತಾಡ್ತಾ ಇರ್ತಾರೆ. ಹೋಗೋರು ಬರೋರು ಯಾರೂ ಕಾಣಲ್ಲ. ಅದಕ್ಕೆ ಕೇಳಿದೆ.”

“ಫೋನಿರಬೇಕು.”

“ಫೋನಲ್ಲಾದ್ರೆ ನಡುವೆ ನಿಲ್ಲಿಸಿ ಕೇಳಬೇಕಲ್ಲ ಅಣ್ಣ. ಅವರು ನಿಲ್ಸೋದೇ ಇಲ್ಲ.”

ದರ್ಜಿ ನಗುತ್ತ ಹೋದ. ಆ ದಿನ ಬೀಗದಣ್ಣ ಮಾಡಿದ ಕೀಲಿ ಎರಡು ಸಲ ತಪ್ಪಿತು.

ಅವರ ಮನೆಗೂ ಪಕ್ಕದ ಮನೆಗೂ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ಸಂದಿ. ಅಲ್ಲಿ ಒಂದು ನಲ್ಲಿ, ಹಿತ್ತಾಳೆ ಚೂರಿನ ಡಬ್ಬ, ತುಕ್ಕು ಹಿಡಿದ ಸರಳು. ಅಂಗಡಿಯ ಎಣ್ಣೆ ಕೈಯನ್ನು ಅವನು ಅಲ್ಲೇ ತೊಳೆಯುವುದು. ನಡುಮನೆಯ ಕಿಟಕಿ ಆ ಸಂದಿಗೆ ತೆರೆಯುತ್ತಿತ್ತು. ಎರಡು ಗೋಡೆಗಳ ನಡುವೆ ಬಿಸಿಲೇ ಬೀಳದ ಜಾಗವಾದ್ದರಿಂದ ಒಳಗೆ ಹಗಲಲ್ಲೂ ದೀಪ ಬೇಕು. ಒಂದು ಮೋಡ ಕವಿದ ಮಧ್ಯಾಹ್ನ ಬೀಗದಣ್ಣ ಅಲ್ಲಿ ಸೋಪು ಹಚ್ಚಿಕೊಂಡು ನಿಂತಿದ್ದ. ಕಿವಿಯ ತುದಿ ಕಿವಿಯಲ್ಲೇ ಇತ್ತು, ಬಿಲ್ಲೆ ಕಾಲರಿನಲ್ಲೇ ಇತ್ತು. ನಲ್ಲಿ ನಿಲ್ಲಿಸಲು ಕಿಟಕಿಯ ಕಡೆಗೆ ತಿರುಗಿದ.

“...ನೀವು ಏನು ಬೇಕಾದ್ರೂ ಅಂದ್ಕೊಳ್ಳಿ” ಎಂದಿತು ಹೆಂಡತಿಯ ಧ್ವನಿ, ಕಿವಿಯ ಪಕ್ಕದಲ್ಲೇ.

ಅವನು ಒಂದು ಹೆಜ್ಜೆ ಹಿಂದೆ ಸರಿದ, ಧ್ವನಿ ಕಡಿಯಿತು. ಮುಂದೆ ಬಂದ, ಮತ್ತೆ ಬಂತು. ನೋಡಿದರೆ ಕಿಟಕಿಯ ಗಾಜಿನಿಂದ ಹಾಳೆಯ ಬೆಳಕು ಹೊರಗೆ ಬಿದ್ದು ಅವನ ಎದೆಯ ಮೇಲೆ ಚೌಕಾಕಾರದಲ್ಲಿ ಕೂತಿತ್ತು. ಗೋಡೆ ದಾಟಲ್ಲ ಎಂದು ಮಗಳು ಹೇಳಿದ್ದಳು. ಕಿಟಕಿಯ ಮಾತು ಎತ್ತಿರಲಿಲ್ಲ. ಬೀಗದವನಾದ ತನಗೂ ಹೊಳೆದಿರಲಿಲ್ಲ.

ಆದರೆ ಅವನ ತಲೆಯಲ್ಲಿ ನಿಂತದ್ದು ಒಂದೇ ಪದ. ನೀವು. ಯಾರನ್ನು ನೀವು ಅನ್ನುತ್ತಿದ್ದಾಳೆ? ಮಗಳನ್ನಲ್ಲ, ಪಕ್ಕದ ಮನೆಯವಳನ್ನೂ ಅಲ್ಲ. ಕೈಯ ಸೋಪು ಒಣಗುತ್ತಿತ್ತು. ಮೆಲ್ಲಗೆ ಕುತ್ತಿಗೆ ಚಾಚಿ ಗಾಜಿನ ಅಂಚಿನಿಂದ ಇಣುಕಿದ.

ನಡುಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫೋನು ಗೋಡೆಯ ಗೂಟದಲ್ಲಿ ಚಾರ್ಜಿಗೆ ನೇತಾಡುತ್ತಿತ್ತು. ಹೆಂಡತಿ ಮೇಜಿನ ಮೇಲೆ ಈರುಳ್ಳಿ ಹೆಚ್ಚುತ್ತಿದ್ದಳು. ಎದುರಿಗೆ ಅವನು ಊಟಕ್ಕೆ ಕೂರುವ ಕುರ್ಚಿ, ಖಾಲಿ. ಅವಳು ಆ ಕುರ್ಚಿಯ ಕಡೆಗೆ ನೋಡಿಕೊಂಡು ಹೇಳುತ್ತಿದ್ದಳು.

“ಅಂಗಡಿಯವನು ಕೊಳೆತದ್ದನ್ನ ಕೆಳಗೆ ಹಾಕಿ ಕೊಟ್ಟಿದ್ದಾನೆ. ನೀವಿದ್ದಿದ್ರೆ ಒಂದೊಂದನ್ನೂ ಒತ್ತಿ ನೋಡಿ ಅವನ ಮಾನ ತೆಗೀತಿದ್ರಿ. ನನಗೆ ಅಷ್ಟೆಲ್ಲ ಆಗಲ್ಲ ಬಿಡಿ. ಮಗಳು ನಿನ್ನೆ ಅತ್ತಿದ್ದಾಳೆ, ಕಣ್ಣು ಊದಿತ್ತು. ಕೇಳಿದ್ರೆ ಪುಡಿ ಹಾರಿತು ಅಂತಾಳೆ. ಅಲ್ಲಿ ಮೇಲಿನವನು ಏನೋ ಅಂದಿರಬೇಕು. ನಿಮಗೆ ಹೇಳಿದ್ರೆ ಹೋಗಿ ಜಗಳ ತೆಗೀತೀರಿ. ಆ ನೀಲಿ ಬಕೆಟ್ಟಿನ ಹಿಡಿ ಕಿತ್ತುಬಂದಿದೆ, ಬೆರಳು ಕುಯ್ಯುತ್ತೆ...”

ಬೀಗದಣ್ಣ ಗೋಡೆಗೆ ಒರಗಿದ. ಅಷ್ಟು ವರ್ಷದ ತುಟಿಯಲ್ಲಾಟ ಇದೇ. ಅವನ ಬಗ್ಗೆ ಅಲ್ಲವೇ ಅಲ್ಲ ಎನ್ನುವಂತಿಲ್ಲ. ಅವನಿಗೇ ಹೇಳುತ್ತಿದ್ದದ್ದು, ಅವನಿಲ್ಲದಾಗ.

ಆಗಲೇ ಒಳಗೆ ಹೋಗಿ ಹೇಳಿಬಿಡಬೇಕಿತ್ತು. ಅವನು ಹೇಳಲಿಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಕೈ ತೊಳೆಯಲು ಹೋದ. ಅದರ ಮರುದಿನವೂ ಹೋದ. ಒಂದು ಪಾಲು ಅವಳ ಧ್ವನಿ ಕೇಳುವ ಆಸೆ. ಇನ್ನೊಂದು ಪಾಲು ಹಳೆಯ ಚಾಳಿ. ಇಷ್ಟೇ ಇರಲಿಕ್ಕಿಲ್ಲ, ಇದರ ಹಿಂದೆ ಇನ್ನೇನೋ ಇದೆ, ಕಾದರೆ ಹೊರಬರುತ್ತದೆ ಅನ್ನುವ ಚಾಳಿ.

ಹೊರಬರಲೂ ಬಂತು. ಅಂದು ಅವಳು ಬಟ್ಟೆ ಮಡಚುತ್ತಿದ್ದಳು.

“ಅಕ್ಕ ಮತ್ತೆ ಕರೆದಿದ್ದಾಳೆ. ಸಮುದ್ರದ ಹತ್ರ ಮನೆ ಮಾಡಿದ್ದಾಳಂತೆ, ಬಂದು ಒಂದಷ್ಟು ದಿನ ಇರು ಅಂತಾಳೆ. ಹೋಗಬೇಕು ಅಂತ ತುಂಬ ಆಸೆ ಆಗ್ತಿದೆ ನನಗೆ. ಹೇಳಿದ್ರೆ ಯಾಕೆ ಅಂತೀರಿ. ಅಲ್ಲಿ ಯಾರಿದ್ದಾರೆ ಅಂತೀರಿ. ನಿಜ ಹೇಳ್ಲಾ? ನಿಮಗೆ ಕಿವಿ ಕೇಳಿಸದೆ ಹೋದದ್ದು ನನಗೆ ಕಷ್ಟ ಅನ್ನಿಸಿಲ್ಲ. ನೀವು ನನ್ನ ಮುಖ ನೋಡೋ ರೀತಿ ಇದೆಯಲ್ಲ, ಕಳ್ಳೀನ ನೋಡಿದ ಹಾಗೆ, ಅದರ ಮುಂದೆ ಕೂತು ಕೂತು ಸಾಕಾಗಿದೆ.”

ಬೀಗದಣ್ಣ ಬಿಲ್ಲೆಯ ಮೇಲೆ ಅಂಗೈ ಇಟ್ಟುಕೊಂಡ. ಧ್ವನಿ ನಿಂತಿತು. ಸಂದಿಯಲ್ಲಿ ಹಾಗೆಯೇ ತುಂಬ ಹೊತ್ತು ನಿಂತಿದ್ದ.

ಆ ಸಂಜೆ ಹೆಂಡತಿಯ ಮುಖದ ಕಡೆ ನೋಡದೆ ಊಟ ಮಾಡಿದ. ಮಾತಾಡಬೇಕೆನ್ನಿಸಿತು, ಹೇಗೆಂದು ತಿಳಿಯಲಿಲ್ಲ. ಕೈ ತೊಳೆದು ಏಳುವಾಗ, “ಆ ನೀಲಿ ಬಕೆಟ್ ತಾ. ಹಿಡಿಗೆ ತಂತಿ ಸುತ್ತಿ ಕೊಡ್ತೀನಿ” ಎಂದುಬಿಟ್ಟ.

ಹೆಂಡತಿ ತಟ್ಟೆ ಎತ್ತುತ್ತಿದ್ದವಳು ನಿಂತಳು. ಬಕೆಟ್ ಇರುವುದು ಹಿಂದಿನ ಬಚ್ಚಲಿನಲ್ಲಿ, ಅದನ್ನು ಅವನು ಮುಟ್ಟುವವನೇ ಅಲ್ಲ. ಮಗಳ ಕಡೆ ನೋಡಿದಳು. ಮಗಳು ಗಮನಿಸಲಿಲ್ಲ. “ಆಯ್ತು” ಎಂದಷ್ಟೇ ಹೇಳಿ ಒಳಗೆ ಹೋದಳು. ಆದರೆ ಆ ಮನೆಯಲ್ಲಿ ಈಗ ಅನುಮಾನದ ಕಣ್ಣು ಎರಡು ಜೊತೆಯಾದವು. ಅವಳು ನೋಡತೊಡಗಿದಳು. ಎಂದೂ ಊಟಕ್ಕೆ ಮುಂಚೆ ಮಾತ್ರ ಕೈ ತೊಳೆಯುತ್ತಿದ್ದ ಮನುಷ್ಯ ಈಗ ಮಧ್ಯಾಹ್ನವೆಲ್ಲ ನಲ್ಲಿಯ ಹತ್ತಿರ. ಕೈಗಳು ಮಾತ್ರ ಕರಿಕರಿ ಹಾಗೇ ಇವೆ.

ಒಂದು ದಿನ ಖಾಲಿ ಕುರ್ಚಿಯ ಮುಂದೆ ಕೂತು, ಸೊಪ್ಪು ಬಿಡಿಸುತ್ತ, ಯಾವಾಗಿನಂತೆಯೇ ಹೇಳಿದಳು.

“ನಾಳೆ ಮಧ್ಯಾಹ್ನ ಅಕ್ಕನ ಮೈದುನ ಈ ಕಡೆ ಬರ್ತಾರಂತೆ. ಬಂದು ಟೀ ಕುಡಿದು ಹೋಗಿ ಅಂದಿದ್ದೀನಿ. ನಿಮಗೆ ಹೇಳಲ್ಲ. ಹೇಳಿದ್ರೆ ಸುಮ್ಮನೆ ರಾದ್ಧಾಂತ.”

ಮರುದಿನ ಮಧ್ಯಾಹ್ನ ಬೀಗದಣ್ಣ ಅಂಗಡಿಯ ಬಾಗಿಲೆಳೆದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ನಡುಮನೆಗೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಹಿಂದಿನ ದಿನದ ಪೇಪರನ್ನು ಹಿಡಿದುಕೊಂಡ. ಬಾಗಿಲ ಕಡೆ ನೋಡುವುದು, ಪೇಪರು ನೋಡುವುದು. ಹೆಂಡತಿ ಎದುರಿಗೆ ಬಂದು ಕೂತಳು.

“ಯಾರಿಗೆ ಕಾಯ್ತಿದ್ದೀರಿ?”

“ಯಾರಿಗೂ ಇಲ್ಲ.”

“ಅಂಗಡಿ ಯಾಕೆ ಮುಚ್ಚಿದ್ರಿ?”

“ಸೊಂಟ ನೋವು.”

“ಇಸ್ತ್ರಿ ಅಂಗಿ ಹಾಕ್ಕೊಂಡ್ರೆ ಹೋಗುತ್ತಾ?”

ಅವನು ಪೇಪರನ್ನು ಮೇಲೆತ್ತಿ ಮುಖ ಮರೆಮಾಡಿದ. ಹಾಗೆ ಎತ್ತಿದರೆ ಬಿಲ್ಲೆಗೆ ನೆರಳಾಗಿ ಮಾತು ಕಡಿಯುತ್ತದೆ. ಅವಳು ಕೈ ಚಾಚಿ ಪೇಪರನ್ನು ಕೆಳಗಿಳಿಸಿದಳು.

“ಅವರು ಬರಲ್ಲ. ಅಕ್ಕನಿಗೆ ಮೈದುನನೇ ಇಲ್ಲ. ನಾನೇ ಹುಟ್ಟಿಸಿದ್ದು.”

ಅಕ್ಕನ ಗಂಡ ಒಬ್ಬನೇ ಮಗನೆಂದು ಬೀಗದಣ್ಣನಿಗೆ ಗೊತ್ತಿತ್ತು. ಆ ಮನೆಯ ಮದುವೆಯಲ್ಲಿ ಉಂಡವನು. ಆದರೂ ನಂಬಿದ್ದ.

“ಎಷ್ಟು ದಿನದಿಂದ?” ಎಂದಳು.

“ಕೈ ತೊಳೆಯೋಕೆ ಹೋಗಿದ್ದೆ. ತಾನಾಗೇ ಕೇಳಿಸ್ತು.”

“ಮೊದಲನೇ ದಿನ ತಾನಾಗೇ ಕೇಳಿಸ್ತು. ಆಮೇಲೆ?”

ಅವನು ಮೇಜಿನ ಮೇಲಿನ ಗೆರೆಗಳನ್ನು ಬೆರಳಲ್ಲಿ ತಿಕ್ಕುತ್ತ ಕೂತ. ಕೊನೆಗೆ ಹೇಳಿದ, “ಕಳ್ಳೀನ ನೋಡಿದ ಹಾಗೆ ನೋಡ್ತೀನಿ ಅಂದೆಯಲ್ಲ. ನಾನು ನೋಡ್ತಿದ್ದದ್ದು ತುಟಿ ಕಣೇ. ಕೇಳಿಸಲ್ವಲ್ಲ, ತುಟಿ ನೋಡಿದ್ರೆ ಒಂದೆರಡು ಮಾತಾದ್ರೂ ತಿಳಿಯುತ್ತೆ ಅಂತ.”

“ಬರೀ ತುಟಿಯಾ?”

“ಅನುಮಾನಾನೂ ಇತ್ತು” ಎಂದ.

ಹೆಂಡತಿ ಎದ್ದಳು. ಗೋಡೆಯ ಹತ್ತಿರ ಹೋಗಿ ದೀಪದ ಸ್ವಿಚ್ಚು ಆರಿಸಿದಳು. ನಡುಮನೆಗೆ ಮಬ್ಬು ಕವಿಯಿತು. ಅವನ ಕಿವಿಯೊಳಗೆ ಎಂದಿನ ಹತ್ತಿ ತುಂಬಿಕೊಂಡಿತು. ಅವಳು ಸ್ವಿಚ್ಚಿನ ಪಕ್ಕದಲ್ಲೇ, ಗೋಡೆಗೆ ಮುಖ ಮಾಡಿ ನಿಂತು ಮಾತಾಡಿದಳು. ತುಂಬ ಮಾತಾಡಿದಳು. ಭುಜ ಅಲ್ಲಾಡುತ್ತಿತ್ತು, ಒಂದು ಕೈ ಮೇಲೇರಿ ಇಳಿಯಿತು. ಬೈದಳೋ, ಅತ್ತಳೋ, ಕ್ಷಮಿಸಿದಳೋ, ಅವನಿಗೆ ತುಟಿಯೂ ಕಾಣಲಿಲ್ಲ. ಕೂತಲ್ಲಿಂದ ಏಳಲು ಧೈರ್ಯವಾಗಲಿಲ್ಲ. ಅಂದು ಅವಳು ಏನು ಹೇಳಿದಳೆಂದು ಅವನು ಕೊನೆಯವರೆಗೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದಾದ ಮೇಲೆ ಕಿಟಕಿಗೆ ಹಳೆಯ ಹೊದಿಕೆಯೊಂದು ಬಂತು. ಹೆಂಡತಿ ಮೊಳೆ ಹೊಡೆದು ನೇತುಹಾಕಿದಳು. ಅದು ಒಂದು ಬದಿಗೆ ಜೋತು ಬೀಳುತ್ತಿತ್ತು, ಅವಳು ಮತ್ತೆ ಮತ್ತೆ ಹೋಗಿ ಎಳೆದು ಸರಿಮಾಡುತ್ತಿದ್ದಳು. ಕೆಲವು ದಿನ ನೋಡಿದ ಬೀಗದಣ್ಣ ಒಂದು ಬೆಳಗ್ಗೆ ಹಲಗೆ, ತಿರುಗಣೆ, ಹಿತ್ತಾಳೆಯ ಅಗುಳಿ ತಂದು ಕಿಟಕಿಗೆ ಒಳಗಡೆಯಿಂದ ಎರಡು ಕದ ಕೂರಿಸಿದ. ಒಳಗಿನಿಂದ ಮಾತ್ರ ಹಾಕಿ ತೆಗೆಯುವಂಥದ್ದು. ಸಂದು ಬಿಡದಂತೆ ಅಂಚಿಗೆ ರಬ್ಬರು ಬಡಿದ. ಕೆಲಸ ಮುಗಿದ ಮೇಲೆ ಹೆಂಡತಿಯನ್ನು ಕರೆದು, “ಹಾಕಿ ನೋಡು” ಎಂದ. ಅವಳು ಅಗುಳಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನುಣ್ಣಗೆ ಓಡುತ್ತಿತ್ತು. ಅವನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಬಿಲ್ಲೆ ಎತ್ತಿ ಹಿಡಿದ. ಏನೂ ಬರಲಿಲ್ಲ. ವಾಪಸು ಬಂದು, “ಇಲ್ಲ. ಸ್ವಲ್ಪಾನೂ ಇಲ್ಲ” ಎಂದು ವರದಿ ಒಪ್ಪಿಸಿದ. ಅವಳಿಗೆ ನಗು ಬಂತು, ತಡೆದುಕೊಂಡಳು.

ಮಗಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕಿಟಕಿಗೆ ಕದ ಯಾಕೆ ಎಂದು ಕೇಳಿದಾಗ, “ನುಸಿ” ಎಂದರು ಇಬ್ಬರೂ ಒಟ್ಟಿಗೆ. ಮಗಳು ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದಳು.

ಆಗಲೇ ದೀಪ ಮುನಿಸಿಕೊಂಡಿತು. ಕದ ಹಾಕಿದ್ದರಿಂದ ಅಡುಗೆಯ ಹಬೆ ಹೊರಗೆ ಹೋಗದೆ ನಡುಮನೆಯಲ್ಲೇ ಸುತ್ತುತ್ತಿತ್ತು. ಹಾಲು ಬಣ್ಣದ ಬೆಳಕು ದಿನದಿಂದ ದಿನಕ್ಕೆ ಹಳದಿಗೆ ತಿರುಗಿತು. ಹಾಳೆಯ ಒಂದು ಅಂಚಿನಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಎದ್ದು, ಕಾಳುಗಳಾದವು. ಮಾತು ತುಂಡು ತುಂಡಾಗಿ ಬರಲು ಹತ್ತಿತು. ಹೆಂಡತಿ ಏನೋ ಹೇಳುವಳು, ಅವನಿಗೆ ಮೊದಲೂ ಕೊನೆಯೂ ಸಿಕ್ಕಿ ನಡುವಿನದು ಬೀಳುತ್ತಿತ್ತು. ಬೀಗದಣ್ಣನ ಮನಸ್ಸು ಹಳೆಯ ದಾರಿ ಹಿಡಿಯಿತು. ಬೇಕೆಂದೇ ಮೈಕಿಗೆ ಕೈ ಅಡ್ಡ ಇಡುತ್ತಿದ್ದಾಳೆ. ಕದ್ದು ಕೇಳಿದ್ದಕ್ಕೆ ಶಿಕ್ಷೆ ಇದು. ಎರಡು ದಿನ ಅವಳ ಕೈಗಳ ಮೇಲೆಯೇ ಕಣ್ಣಿಟ್ಟ. ಕೈಗಳು ಮೇಜಿನ ಮೇಲೆ, ಮೈಕಿನಿಂದ ದೂರ, ಸುಮ್ಮನೆ ಇದ್ದವು. ಅವನಿಗೆ ತನ್ನ ಮೇಲೆಯೇ ಬೇಸರ ಬಂತು. ಮೊದಲ ಬಾರಿಗೆ ಕೇಳಿಯೇ ಬಿಟ್ಟ.

“ನಡುನಡುವೆ ಮಾತು ಹೋಗ್ತಿದೆ. ನೀನೇನಾದ್ರೂ ಮಾಡ್ತಿದ್ದೀಯಾ?”

“ಇಲ್ಲ” ಎಂದಳು ಅವಳು. ಅಷ್ಟೇ ಹೇಳಿದಳು. ಆ ಪದ ಇಡಿಯಾಗಿ ಕೇಳಿಸಿತು.

ಮಗಳು ಹಾಳೆ ಬಿಚ್ಚಿ ನೋಡಿ ತಲೆ ಆಡಿಸಿದಳು. “ಅಂಚಿನ ಅಂಟು ಬಿಟ್ಟಿದೆ, ತೇವ ಒಳಗೆ ಹೋಗಿದೆ. ಇದರಲ್ಲಿ ನೀಲಿ ಪದರವೇ ಎಲ್ಲಕ್ಕಿಂತ ಸುಕುಮಾರ, ಅದು ಮೊದಲು ಸಾಯುತ್ತೆ. ಅದಕ್ಕೇ ಹಳದಿ ಆಗಿದ್ದು.” ಪ್ರಯೋಗಾಲಯದವರಿಗೆ ಇಂಥ ಕೆಟ್ಟ ಹಾಳೆಯೇ ಬೇಕಿತ್ತಂತೆ. ಯಾವ ಅಂಚು ಮೊದಲು ಬಿಡುತ್ತದೆ ಎಂದು ತಿಳಿದರೆ ಮುಂದಿನದನ್ನು ಗಟ್ಟಿಯಾಗಿ ಮುಚ್ಚಬಹುದು. ಹೊಸದು ಬರಲು ಕೆಲವು ವಾರ ಬೇಕು ಎಂದು ಹೇಳಿ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ತಾಯಿಮಗಳು ಸೇರಿ ಕಿತ್ತುಹಾಕಿಸಿದರೋ ಏನೋ ಎಂಬ ಯೋಚನೆ ಬೀಗದಣ್ಣನಿಗೆ ಬರದೆ ಇರಲಿಲ್ಲ. ಬಂದ ಯೋಚನೆಯನ್ನು ಬಾಯಿಗೆ ತರಲಿಲ್ಲ, ಅಷ್ಟು ಮಾಡಿದ.

ದೀಪವಿಲ್ಲದ ಮನೆಯಲ್ಲಿ ಮತ್ತೆ ಕೂಗು ಶುರುವಾಯಿತು. ಒಂದು ಸಂಜೆ ಬೀಗದಣ್ಣ ಕೀಲಿ ಡಬ್ಬಿ ಬದಿಗಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ಅಕ್ಕನ ಮನೆಗೆ ಹೋಗಿ ಬಾ” ಎಂದ.

ಅವಳು ಒಲೆ ಸಣ್ಣ ಮಾಡಿ ತಿರುಗಿದಳು. ಕೂಗಲಿಲ್ಲ. ಹತ್ತಿರ ಬಂದು, ಅವನಿಗೆ ತುಟಿ ಕಾಣುವಂತೆ ಮುಖ ಎತ್ತಿ, ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದಳು.

“ಯಾಕೆ ಅಂತ ಕೇಳಲ್ವಾ?”

“ಕೇಳಲ್ಲ.”

“ಎಷ್ಟು ದಿನ ಅಂತ?”

ಅದಕ್ಕೆ ಅವನು ಸ್ವಲ್ಪ ಒದ್ದಾಡಿದ. “ಅದೂ ಕೇಳಲ್ಲ” ಎಂದ.

ಅವಳು ಹೋದಳು. ಬಸ್ ನಿಲ್ದಾಣಕ್ಕೆ ಅವನೇ ಚೀಲ ಹೊತ್ತು ಬಂದ. ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟ. ಪಕ್ಕದಲ್ಲಿ ಕೂತವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದ. ಅದನ್ನು ಅವಳೂ ನೋಡಿದಳು. ಬಸ್ಸು ಹೊರಟಿತು. ಮನೆಗೆ ಬರುವ ದಾರಿಯಲ್ಲಿ ದರ್ಜಿ ಅಂಗಡಿಯಿಂದ ಕೈ ಮಾಡಿ ಕರೆದ. ಅಕ್ಕ ಎಲ್ಲಿಗೆ ಹೋದರು, ಯಾಕೆ ಹೋದರು ಎಂದು ಕಿವಿಯಲ್ಲಿ ಕೂಗಿದ. “ಸಮುದ್ರ ನೋಡೋಕೆ” ಎಂದು ಬೀಗದಣ್ಣ ನಡೆದ.

ಅವಳು ಇಲ್ಲದಿದ್ದಾಗ ಮಗಳ ಜೊತೆ ಅವನಿಗೆ ಒಂದು ಕೆಲಸವಾಯಿತು. ಅಂದು ಅವಳ ಕಣ್ಣು ಊದಿದ್ದು ಯಾಕೆಂದು ಕೇಳಿದ. ಮಗಳು ಮೊದಲು ಹಾರಿಸಿದಳು, ಆಮೇಲೆ ಅವನ ಕಿವಿಗೆ ಬಾಯಿಟ್ಟು ಹೇಳಿದಳು. ಒಂದು ತಿಂಗಳ ಕೆಲಸದ ಹಾಳೆಗಳು ಅವಳ ಕೈಯಲ್ಲಿ ಕೆಟ್ಟಿದ್ದವು, ಮೇಲಿನವನು ಎಲ್ಲರೆದುರು ಬೈದಿದ್ದ. ಬೀಗದಣ್ಣ ಜಗಳಕ್ಕೆ ಹೋಗಲಿಲ್ಲ. “ನಾನೂ ಈ ವಾರ ಮೂರು ಕೀಲಿ ಕೆಡಿಸಿದೆ” ಎಂದ. ಮಗಳು ನಕ್ಕಳು.

ಹೆಂಡತಿ ಬಿಸಿಲಿಗೆ ಮುಖ ಕಪ್ಪಾಗಿಸಿಕೊಂಡು, ಚೀಲದ ತಳದಲ್ಲಿ ಮರಳು ತುಂಬಿಕೊಂಡು ವಾಪಸು ಬಂದಳು. ಅಷ್ಟರಲ್ಲಿ ಹೊಸ ಹಾಳೆ ಬಂದಿತ್ತು. ಈ ಸಲ ಅಂಚಿಗೆ ಗಾಜಿನಂಥ ದಪ್ಪ ಕಟ್ಟು, ಮೈಕಿಗೆ ಒಂದು ಪುಟ್ಟ ಸ್ವಿಚ್ಚು. ಆ ಸ್ವಿಚ್ಚು ಆರಿಸಿದರೆ ದೀಪ ಬರೀ ದೀಪ, ಮಾತು ಹೋಗುವುದಿಲ್ಲ. ಅದನ್ನು ಮಾಡಿಸಲು ಯಾರು ಹೇಳಿದರೆಂದು ಬೀಗದಣ್ಣ ಕೇಳಲಿಲ್ಲ.

ಸಂಜೆ ಅವಳು ಮೇಜಿನೆದುರು ಕೂತು, ಸ್ವಿಚ್ಚನ್ನು ಒಮ್ಮೆ ಮುಟ್ಟಿ ನೋಡಿ, ಮಾತು ಹೋಗುವ ಕಡೆಗೇ ಬಿಟ್ಟಳು. ಸಮುದ್ರದ ಬಗ್ಗೆ ಹೇಳತೊಡಗಿದಳು. ಬೆಳಗಿನ ಹೊತ್ತು ನೀರು ಎಷ್ಟು ಹಿಂದೆ ಹೋಗುತ್ತದೆ, ಮಂಡಿ ನೋವಾಗಿ ಅಕ್ಕ ಹೇಗೆ ನಡೆಯುತ್ತಾಳೆ, ಇಬ್ಬರೂ ಮರಳಿನಲ್ಲಿ ಕೂತು ಸುಮ್ಮನೆ ನಗುತ್ತಿದ್ದದ್ದು. ಧ್ವನಿ ಒಡೆಯದೆ, ತಡೆಯದೆ ಬಂತು. ಹೇಳುತ್ತ ಹೇಳುತ್ತ ಒಂದು ಕಡೆ ಗಂಟಲು ಬಿಟ್ಟು ನಕ್ಕಳು.

“ಮತ್ತೆ ಯಾರ್ಯಾರು ಇದ್ದರು ಅಲ್ಲಿ?” ಎಂದುಬಿಟ್ಟ ಬೀಗದಣ್ಣ.

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ತಿಳಿಯಿತು. ಹೆಂಡತಿ ನಗು ನಿಲ್ಲಿಸಿ ಅವನನ್ನು ನೋಡಿದಳು. ಸ್ವಿಚ್ಚಿನ ಕಡೆ ಅವಳ ಕೈ ಹೋಗುವುದೇನೋ ಎಂದು ಅವನು ನೋಡಿದ. ಅವಳು ಕೈ ಎತ್ತಲಿಲ್ಲ. ಬೆರಳು ಮಡಚಿ ಲೆಕ್ಕ ಕೊಟ್ಟಳು. ಅಕ್ಕ, ಅಕ್ಕನ ಗಂಡ, ಪಕ್ಕದ ಮನೆಯ ಮುದುಕಿ, ಮೀನು ತರುವವಳು, ಒಂದು ಕುಂಟ ನಾಯಿ.

ಅದರಲ್ಲಿ ಮುಕ್ಕಾಲು ಪಾಲನ್ನು ಅವನು ಅಲ್ಲೇ ನಂಬಿದ. ಮಿಕ್ಕದ್ದನ್ನು ನಂಬಲು ಇನ್ನೆರಡು ದಿನ ಹಿಡಿಯಿತು.